ಒಳಗಿನ ಪ್ರೋಬ್‌ನಲ್ಲಿ ಕಂಡ ದವಡೆಹಲ್ಲು

ಜೂಬೇರ್ ಸಿಂಡ್ರೋಮ್ ಎಂದರೆ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಿಂದಲೂ ಜೀನ್ ದೋಷ ಬಂದಾಗ ಮಗುವಿನ ಹಿಂಮಿದುಳು ಸರಿಯಾಗಿ ರೂಪುಗೊಳ್ಳದ ಕಾಯಿಲೆ. ಸ್ಕ್ಯಾನಿನ ಅಡ್ಡ ಚಿತ್ರದಲ್ಲಿ ದವಡೆಹಲ್ಲಿನಂಥ ಆಕಾರ ಕಾಣುವುದೇ ಅದರ ಗುರುತು. ಅದನ್ನು ಗರ್ಭದಲ್ಲಿರುವಾಗಲೇ ಅಲ್ಟ್ರಾಸೌಂಡ್‌ನಲ್ಲಿ ಹಿಡಿಯುತ್ತೇನೆ ಎಂದಾಗ ಹಿರಿಯರೊಬ್ಬರು, "ಅದು ಎಂಆರ್‌ಐ ಮಾಡುವ ಕೆಲಸ, ನಿಮಗೇಕೆ?" ಎಂದಿದ್ದರು. ಕಳೆದ ವರ್ಷ ಹಿಡಿದೆ. ಜೀನ್ ವರದಿಯೂ ಅದನ್ನೇ ಹೇಳಿತು.

ಕಲಬುರಗಿ ಕಡೆ ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ಇನ್ನೂ ಇದೆ. ಈ ದಂಪತಿಯೂ ಹಾಗೆಯೇ. ಮೊದಲ ಮಗುವಿಗೆ ಹುಟ್ಟಿದಾಗಿನಿಂದ ಏದುಸಿರು, ನಡುನಡುವೆ ಉಸಿರು ನಿಲ್ಲುವುದು. ಕತ್ತು ನಿಂತಿರಲೇ ಇಲ್ಲ. ಜೀನ್ ಪರೀಕ್ಷೆಗೆ ಇಪ್ಪತ್ತೈದು ಸಾವಿರದ ಆಸುಪಾಸು ಬೇಕೆಂದರಂತೆ, ಮಾಡಿಸಿರಲಿಲ್ಲ. ಮಗು ತೀರಿಕೊಂಡಿತು, ರಕ್ತವನ್ನೂ ಯಾರೂ ತೆಗೆದಿಟ್ಟಿರಲಿಲ್ಲ. ಎರಡನೆಯ ಬಸಿರಿನಲ್ಲಿ ನನ್ನ ಬಳಿ ಬಂದಾಗ ಇಪ್ಪತ್ತು ವಾರ ಕಳೆದಿತ್ತು. 24 ವಾರ ದಾಟಿದರೆ ಗರ್ಭಪಾತಕ್ಕೆ ಮೆಡಿಕಲ್ ಬೋರ್ಡ್ ಮುಂದೆ ನಿಲ್ಲಬೇಕು.

ಹೊಟ್ಟೆಯ ಮೇಲಿನಿಂದ ಏನೂ ಸಿಗಲಿಲ್ಲ. ಹಿಂಮಿದುಳಿನ ನಡುಭಾಗವಾದ ವರ್ಮಿಸ್ ಸಣ್ಣದಿದೆ ಎನ್ನಿಸಿತು, ಅಷ್ಟೇ. ಅಷ್ಟರ ಮೇಲೆ ಹೆಸರಿಡುವುದು ತಪ್ಪು. ಎಂಟು ಸಾವಿರ ಕೊಟ್ಟು ಎಂಆರ್‌ಐ ಮಾಡಿಸಿದರು. ಮಗು ಒದ್ದಾಡಿ ಚಿತ್ರಗಳು ಮಸುಕಾದವು. ಹಿಂಮಿದುಳನ್ನು ಮಿದುಳಿನ ಕಾಂಡಕ್ಕೆ ಜೋಡಿಸುವ ಪೆಡಂಕಲ್‌ಗಳು ಆ ವಯಸ್ಸಿನಲ್ಲಿ ದಪ್ಪ ಸ್ಲೈಸ್‌ಗಳ ನಡುವೆಯೇ ನುಸುಳಿ ಹೋಗುತ್ತವೆ.

ಆಮೇಲೆ ಯೋನಿಯ ಮೂಲಕ ನೋಡುವ ಒಳಗಿನ ಪ್ರೋಬ್ ಹಿಡಿದೆ. ಮೂರು ಆಯಾಮದ ಚಿತ್ರ (ವಾಲ್ಯೂಮ್) ತೆಗೆಯುವ ಆ ಪ್ರೋಬ್‌ಗೆ ನಾನು ಸುರಿದ ಲಕ್ಷಗಳನ್ನು ಕಂಡು ಮನೆಯವರೂ ಗೊಣಗಿದ್ದರು. ಮೊದಲ ಸಲ ಮಗು ಬ್ರೀಚ್, ಅಂದರೆ ತಲೆ ಮೇಲಿತ್ತು. ಅಡ್ಡಾಡಿ ಬನ್ನಿ ಎಂದು ಕಳಿಸಿದೆ, ಎಡಕ್ಕೆ ಮಲಗಿಸಿದೆ, ಸಿಹಿ ಕುಡಿಸಿ ನೋಡಿದೆ. ಸಿಹಿಯಿಂದ ಮಗು ತಿರುಗಲಿಲ್ಲ, ಅಲುಗಾಟ ಹೆಚ್ಚಾಯಿತು, ಅದನ್ನು ಬಿಟ್ಟುಬಿಟ್ಟಿದ್ದೇನೆ. ಮರುವಾರ ತಲೆ ಕೆಳಗಿತ್ತು. ತಲೆಬುರುಡೆಯ ಹಿಂದಿನ ನೆತ್ತಿಯಿಂದ (ಫಾಂಟನೆಲ್) ನೋಡಿದರೆ ಹಿಂಮಿದುಳು ಇರುವ ಪೋಸ್ಟೀರಿಯರ್ ಫಾಸಾ ಹತ್ತಿರ ಬರುತ್ತದೆ. ಕೋನ ಕಿರಿದು ಮಾಡಿ, ತಾಯಿಗೆ ಉಸಿರು ಹಿಡಿಯಲು ಹೇಳಿ, ನಿಧಾನವಾಗಿ ವಾಲ್ಯೂಮ್ ತೆಗೆದೆ. ಹೊಟ್ಟೆಯ ಮೇಲೆ ಇನ್ನೊಂದು ಕೈಯಿಂದ ತಲೆಯನ್ನು ಹೇಗೆ ವಾಲಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬಂದವರಿಗೆ ಕೈ ಹಿಡಿದು ತೋರಿಸುತ್ತೇನೆ.

ಮಿದುಳಿನ ಕಾಂಡದಲ್ಲಿ ಮಿಡ್‌ಬ್ರೇನ್ ಮತ್ತು ಪಾನ್ಸ್ ಎಂಬ ಭಾಗಗಳು ಕೂಡುವ ಮಟ್ಟಕ್ಕೆ ಅಡ್ಡ ಸ್ಲೈಸ್ ತಿರುಗಿಸಿದಾಗ ದವಡೆಹಲ್ಲು ಎದ್ದು ನಿಂತಿತು: ದಪ್ಪಗೆ, ಉದ್ದಕ್ಕೆ ಚಾಚಿದ ಎರಡು ಪೆಡಂಕಲ್‌ಗಳು, ನಡುವೆ ಇಂಟರ್‌ಪೆಡಂಕ್ಯುಲರ್ ಫಾಸಾ ಎಂಬ ಆಳವಾದ ತಗ್ಗು. ಅಷ್ಟು ಸ್ಪಷ್ಟ ಚಿತ್ರ ಆ ಎಂಆರ್‌ಐಯಲ್ಲಿ ಬಂದಿರಲಿಲ್ಲ, ಹೆಮ್ಮೆಯಿಂದಲೇ ಹೇಳುತ್ತೇನೆ. ಈ ಕಾಯಿಲೆ ಬೆರಳು, ಮೂತ್ರಪಿಂಡಗಳಲ್ಲೂ ಕಾಣಿಸಬಹುದು. ಬೆರಳುಗಳನ್ನು ಎಣಿಸಿದೆ, ಐದೇ. ಮೂತ್ರಪಿಂಡಗಳು ಮಾತ್ರ ಕೊಂಚ ಬೆಳ್ಳಗಿದ್ದವು. ಮಗುವಿನ ಸುತ್ತಲಿನ ಆಮ್ನಿಯೋ ನೀರನ್ನು ತೆಗೆದು ಪರೀಕ್ಷಿಸಿದಾಗ ಸಿಇಪಿ290 ಜೀನ್‌ನ ಎರಡೂ ಪ್ರತಿಗಳಲ್ಲಿ ದೋಷ ಸಿಕ್ಕಿತು. ತಂದೆ ತಾಯಿ ಇಬ್ಬರೂ ವಾಹಕರು, ಅಂದರೆ ಒಂದು ಪ್ರತಿಯಲ್ಲಿ ಮಾತ್ರ ದೋಷವಿದ್ದವರು. ಮುಂದಿನದನ್ನು ಅವರೇ ನಿರ್ಧರಿಸಿದರು.

ಈಗ ಅದೇ ತಾಯಿ ಮತ್ತೆ ಬಸಿರಾದರೆ ಹನ್ನೆರಡು ವಾರದ ಹೊತ್ತಿಗೆ ಸಿವಿಎಸ್ (ಮಾಸುವಿನ ಚೂರು ತೆಗೆಯುವ ಪರೀಕ್ಷೆ) ಮಾಡಿ ಆ ಒಂದೇ ದೋಷವನ್ನು ಹುಡುಕಿದರೆ ಸಾಕು; ಖರ್ಚು ತೀರಾ ಕಡಿಮೆ. ಇಂಥ ಮಗು ನಿಮ್ಮ ವಾರ್ಡಿನಲ್ಲಿದ್ದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ ಎರಡು ಮಿಲಿ ರಕ್ತ ತೆಗೆದು ಇಂದೇ ಡಿಎನ್‌ಎ ಇಡಿಸಿ.