ಉಳುಕಿದ ಕಾಲು: ನೋವು ಹೋದ ಮೇಲೆ ಉಳಿಯುವ ಕೆಲಸ

ನಾನು ಮಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್. ಕಾಲು ಉಳುಕಿಸಿಕೊಂಡು ಬರುವವರು ನನ್ನ ಬಳಿ ಎರಡು ಕಾಲದಲ್ಲಿ ಜಾಸ್ತಿ. ಒಂದು ಮಳೆಗಾಲ. ಪಾಚಿ ಕಟ್ಟಿದ ಕೆಂಪುಕಲ್ಲಿನ ಮೆಟ್ಟಿಲು, ಅಡಿಕೆ ತೋಟದ ತೋಡಿನ ಅಂಚು, ಜಾರುವ ಅಂಗಳ. ಇನ್ನೊಂದು ಮಳೆ ಬಿಟ್ಟ ಮೇಲೆ, ಊರೂರಲ್ಲಿ ಲೈಟ್ ಹಾಕಿ ವಾಲಿಬಾಲ್ ಆಡುವ, ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಸಮಯ.

ಬಂದವರಲ್ಲಿ ಹೆಚ್ಚಿನವರ ಮೊದಲ ಮಾತು ಒಂದೇ. "ಎಲುಬು ಮುರಿದಿಲ್ಲ ಅಲ್ವಾ? ಹಾಗಾದ್ರೆ ಸಾಕು."

ನಾನೂ ಮೊದಲು ನೋಡುವುದು ಅದನ್ನೇ. ಇದಕ್ಕೆ ಕೆನಡಾದ ಒಟ್ಟಾವದಲ್ಲಿ 1992ರಲ್ಲಿ ರೂಪಿಸಿದ ನಿಯಮಗಳಿವೆ. ಪಾದದ ಗಂಟಿನ ಎರಡೂ ಬದಿಯ ಮೂಳೆಯನ್ನು ಹಿಂದಿನ ಅಂಚಿನಲ್ಲಿ, ತುದಿಯಿಂದ ಮೇಲಕ್ಕೆ 6 ಸೆಂಟಿಮೀಟರ್‌ವರೆಗೆ ಒತ್ತಿ ನೋಡುತ್ತೇನೆ. ಕಿರುಬೆರಳಿನ ಸಾಲಿನಲ್ಲಿ ಪಾದದ ನಡುವೆ ಉಬ್ಬಿರುವ ಮೂಳೆಯನ್ನೂ, ಒಳಬದಿಯ ನ್ಯಾವಿಕ್ಯುಲರ್ ಮೂಳೆಯನ್ನೂ ಒತ್ತುತ್ತೇನೆ. ಅಲ್ಲಿ ನೋವಿದ್ದರೆ, ಅಥವಾ ಬಿದ್ದ ಕೂಡಲೇ ಮತ್ತು ಈಗಲೂ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಮೊದಲು ಎಕ್ಸ್‌ರೇ. ನಾಲ್ಕು ಹೆಜ್ಜೆ ಕುಂಟುತ್ತಾ ಇಟ್ಟರೂ ಲೆಕ್ಕಕ್ಕೆ ಬರುತ್ತದೆ.

ಎಲುಬು ಸರಿ ಇದೆ ಎಂದಾದರೆ ಪೆಟ್ಟು ಬಿದ್ದಿರುವುದು ಹೆಚ್ಚಾಗಿ ಹೊರಬದಿಯ ಲಿಗಮೆಂಟ್‌ಗೆ, ಅಂದರೆ ಮೂಳೆಗೆ ಮೂಳೆಯನ್ನು ಕಟ್ಟಿ ಹಿಡಿಯುವ ಪಟ್ಟಿಗೆ. ಪಾದ ಒಳಕ್ಕೆ ಮಡಚಿದಾಗ ಮುಂದಿನ ಲಿಗಮೆಂಟ್, ನಾವು ಎಟಿಎಫ್‌ಎಲ್ ಎನ್ನುವುದು, ಮೊದಲು ಎಳೆಯುತ್ತದೆ ಅಥವಾ ಹರಿಯುತ್ತದೆ. ಕೆಲವರಿಗೆ ಜೊತೆಗೆ ಹೊರಬದಿಯ ಪೆರೋನಿಯಲ್ ಸ್ನಾಯುವೂ ಎಳೆದಿರುತ್ತದೆ. ನನ್ನ ಕೈಯನ್ನು ಪಾದದಿಂದ ಹೊರಕ್ಕೆ ತಳ್ಳಲು ಹೇಳಿದಾಗ ಅಲ್ಲಿ ಚುರುಕ್ ಎಂದರೆ ಗೊತ್ತಾಗುತ್ತದೆ. ಅಂಥವರಿಗೆ ವ್ಯಾಯಾಮದ ಭಾರವನ್ನು ನಿಧಾನವಾಗಿ ಏರಿಸುತ್ತೇನೆ.

ಮೊದಲ ಎರಡು ಮೂರು ದಿನ ಕ್ರೇಪ್ ಬ್ಯಾಂಡೇಜ್ ಬೆರಳಿನ ಕಡೆಯಿಂದ ಮೇಲಕ್ಕೆ ಸುತ್ತಬೇಕು. ಮಲಗುವಾಗ ಕಾಲಡಿ ದಿಂಬಿಡಬೇಕು. ನೋವು ಜಾಸ್ತಿ ಇದ್ದರೆ ಬಟ್ಟೆಯಲ್ಲಿ ಸುತ್ತಿದ ಐಸನ್ನು 15 ನಿಮಿಷ ಇಡಬಹುದು. ಎಣ್ಣೆ ಹಾಕಿ ಗಟ್ಟಿಯಾಗಿ ಉಜ್ಜುವುದು ಬೇಡ. ಹೊಸದಾಗಿ ಹರಿದ ಜಾಗವನ್ನು ಉಜ್ಜಿದರೆ ಬಾವು ಏರುತ್ತದೆ. ಮನೆಯ ಹಿರಿಯರಿಗೆ ಇದನ್ನು ಸಮಾಧಾನದಿಂದ ಹೇಳುತ್ತೇನೆ, ಅವರು ಉಜ್ಜುವುದು ಪ್ರೀತಿಯಿಂದಲೇ.

ಆದರೆ ಕಾಲನ್ನು ಸುಮ್ನೆ ಇಟ್ಟುಬಿಡುವುದೂ ಸರಿಯಲ್ಲ. ವಿಶ್ರಾಂತಿ, ಐಸ್, ಬ್ಯಾಂಡೇಜ್, ಕಾಲು ಎತ್ತಿಡುವುದು ಎಂಬ ಸೂತ್ರವನ್ನು 1978ರಲ್ಲಿ ಹೇಳಿದವರು ಅಮೆರಿಕದ ಡಾ. ಗೇಬ್ ಮಿರ್ಕಿನ್. ಐಸ್ ಮತ್ತು ಪೂರ್ತಿ ವಿಶ್ರಾಂತಿಯಿಂದ ಗುಣವಾಗುವುದು ತಡವಾಗಬಹುದು ಎಂದು ಮುಂದೆ ಅವರೇ ಹೇಳಿದರು. ಸಾಧಾರಣ ಉಳುಕಾದರೆ ನಾನು ಬೇಗ ಕೆಲಸ ಶುರು ಮಾಡಿಸುತ್ತೇನೆ. ಕಾಲು ಚಾಚಿ ಕುಳಿತು ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯಬೇಕು. ತಡೆಯುವಷ್ಟು ಭಾರ ಹಾಕಿ, ಹಿಮ್ಮಡಿ ಮೊದಲು ಊರಿ ನಡೆಯಬೇಕು. ಲಿಗಮೆಂಟ್ ಪೂರ್ತಿ ಹರಿದವರಿಗೆ ಮಾತ್ರ ಸುಮಾರು ಹತ್ತು ದಿನ ಗಂಟನ್ನು ಅಲುಗದಂತೆ ಹಿಡಿಯುವ ಬ್ರೇಸ್ ಹಾಕಿಸಿ, ಆಮೇಲೆ ಇದೇ ದಾರಿ.

ಬಾವು ಇಳಿಯಿತು, ನಡೆಯಲು ಆಯಿತು ಎಂದಾಗ ಮುಕ್ಕಾಲು ಜನ ಬರುವುದು ನಿಲ್ಲಿಸುತ್ತಾರೆ. ನನಗೆ ನಿಜವಾಗಿ ಬೇಸರವಾಗುವುದು ಅಲ್ಲೇ. ಲಿಗಮೆಂಟ್ ಕೂಡಿಕೊಳ್ಳಲು ಆರು ವಾರದಿಂದ ಮೂರು ತಿಂಗಳು ಬೇಕು. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಪಾದ ಎಷ್ಟು ವಾಲಿದೆ ಎಂದು ಮಿದುಳಿಗೆ ತಿಳಿಸುವ ನರದ ತುದಿಗಳು ಆ ಲಿಗಮೆಂಟ್‌ನಲ್ಲೇ ಇರುತ್ತವೆ. ಅವಕ್ಕೂ ಪೆಟ್ಟಾಗಿರುತ್ತದೆ. ಸುದ್ದಿ ತಡವಾಗಿ ಹೋದರೆ ಪಾದವನ್ನು ಹಿಡಿದು ನಿಲ್ಲಿಸಬೇಕಾದ ಸ್ನಾಯುವೂ ತಡವಾಗಿ ಎಚ್ಚರವಾಗುತ್ತದೆ, ಕಾಲು ಮತ್ತೆ ಮಡಚುತ್ತದೆ. ಬ್ರಿಟನ್ನಿನ ವೈದ್ಯ ಫ್ರೀಮನ್ 1965ರಲ್ಲೇ ಇದನ್ನು ಹೇಳಿ, ಸಮತೋಲನದ ವ್ಯಾಯಾಮ ಮಾಡಿಸಿದರೆ ಕಾಲು ಕೈಕೊಡುವುದು ಕಡಿಮೆಯಾಗುತ್ತದೆ ಎಂದು ತೋರಿಸಿದ್ದರು.

ವಾಲಿಬಾಲ್ ಆಡುವ ಹುಡುಗನೊಬ್ಬ ಬಂದದ್ದು ಅದೇ ಕಾಲು ಮತ್ತೆ ಮತ್ತೆ ಉಳುಕಿದ ಮೇಲೆ. ನೆಟ್ ಬಳಿ ಹಾರಿ, ಎದುರಿನವನ ಪಾದದ ಮೇಲೆ ಇಳಿದಿದ್ದ. ನೋವು ಆಗಲೇ ಕಡಿಮೆಯಾಗಿತ್ತು. ಆ ಕಾಲಲ್ಲಿ ನಿಂತು ಕಣ್ಣು ಮುಚ್ಚು ಎಂದೆ. ಕೂಡಲೇ ವಾಲಿ ಗೋಡೆ ಹಿಡಿದ. ಇನ್ನೊಂದು ಕಾಲಲ್ಲಿ ಆರಾಮಾಗಿ ನಿಂತ. ವಿವರಿಸುವ ಅಗತ್ಯವೇ ಬರಲಿಲ್ಲ, ಅವನ ಮುಖದಲ್ಲೇ ಅರ್ಥವಾದದ್ದು ಕಾಣುತ್ತಿತ್ತು.

ಗೋಡೆಯ ಎದುರು ಹಿಮ್ಮಡಿ ಎತ್ತದೆ ಮಂಡಿ ಮುಟ್ಟಿಸುವುದರಿಂದ ಶುರು ಮಾಡಿದೆವು. ಬೆರಳು ಗೋಡೆಯಿಂದ ಎಷ್ಟು ದೂರ ಇರುವವರೆಗೆ ಮಂಡಿ ಮುಟ್ಟುತ್ತದೆ ಎಂದು ಎರಡೂ ಕಾಲಿನಲ್ಲಿ ಅಳೆದು ಹೋಲಿಸಬೇಕು. ರಬ್ಬರ್ ಬ್ಯಾಂಡ್ ಕಟ್ಟಿ ಪಾದವನ್ನು ಹೊರಕ್ಕೆ ಎಳೆಯುವುದು, 15ರಂತೆ ಮೂರು ಸಲ. ಎರಡು ಕಾಲಲ್ಲಿ, ಆಮೇಲೆ ಒಂದೇ ಕಾಲಲ್ಲಿ ಹಿಮ್ಮಡಿ ಎತ್ತುವುದು. ಒಂಟಿಕಾಲಲ್ಲಿ 30 ಸೆಕೆಂಡ್, ಕಣ್ಣು ಮುಚ್ಚಿ, ದಿಂಬಿನ ಮೇಲೆ, ಕೊನೆಗೆ ಬಾಲ್ ಹಿಡಿಯುತ್ತಾ. ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲು ಎಂದು ಹೇಳಿದ್ದೆ. ಅದೊಂದನ್ನು ಅವನು ತಪ್ಪಿಸಲಿಲ್ಲ. ಹಾರಿ ಇಳಿಯುವುದನ್ನು ಕೊನೆಗೆ ಕಲಿಸಿದೆ. ಎರಡೂ ಕಾಲಲ್ಲಿ ಒಂದೇ ಸಮ ಹಾರುವವರೆಗೆ ಅಂಕಣಕ್ಕೆ ಬಿಡಲಿಲ್ಲ. ಆಡುವಾಗ ಒಂದು ವರ್ಷ ಬ್ರೇಸ್ ಹಾಕು ಎಂದಿದ್ದೇನೆ.

ಯಕ್ಷಗಾನ ಕಲಾವಿದರ ವಿಷಯ ಕಷ್ಟ. ತೆಂಕುತಿಟ್ಟು ಶೈಲಿಯಲ್ಲಿ ಪುಂಡುವೇಷ, ಅಂದರೆ ಯುವ ವೀರರ ಪಾತ್ರ, ಮಾಡುವವರಿಗೆ ಧೀಂಗಿಣ ಎಂಬ ಸುತ್ತಿ ಹಾರುವ ಕುಣಿತ ಇಲ್ಲದೆ ಆಗುವುದಿಲ್ಲ, ಬರಿಗಾಲಲ್ಲಿ ಇಳಿಯಬೇಕು. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಬನ್ನಿ ಎನ್ನಲು ಆಗುತ್ತದೆಯೇ? ಅಂಥವರೊಬ್ಬರಿಗೆ ಗೆಜ್ಜೆಯ ಅಡಿಗೆ ಟೇಪ್ ಹಾಕಿಕೊಟ್ಟೆ. ಕೆಲವು ವಾರ ಕುಣಿತ ಕಡಿಮೆ ಇರುವ ವೇಷ ಕೇಳಿ ಮಾಡಿಸಿಕೊಂಡರು. ಚೌಕಿಯಲ್ಲಿ ಬಣ್ಣ ಹಚ್ಚುವ ಮೊದಲು ಬ್ಯಾಂಡ್ ವ್ಯಾಯಾಮ ಮಾಡಿದರು. ನಿಧಾನವಾಯಿತು, ಆದರೆ ತಿರುಗಾಟ ನಿಲ್ಲಲಿಲ್ಲ.

ಆರು ವಾರ ಸರಿಯಾಗಿ ವ್ಯಾಯಾಮ ಮಾಡಿದರೂ ಬಾವು ಉಳಿದರೆ, ಗಂಟು ಒಳಗೆ ಸಿಕ್ಕಿಕೊಂಡಂತೆ ಆಗುತ್ತಿದ್ದರೆ, ನೋವು ಗಂಟಿನಿಂದ ಮೇಲೆ ಎರಡು ಮೂಳೆಗಳ ನಡುವೆ ಇದ್ದರೆ, ನಾನು ವ್ಯಾಯಾಮ ಮುಂದುವರಿಸದೆ ಮೂಳೆ ಡಾಕ್ಟರ ಬಳಿ ಕಳಿಸುತ್ತೇನೆ. ಗಂಟಿನೊಳಗೆ ಮೂಳೆಯ ತುದಿಯನ್ನು ಮುಚ್ಚಿರುವ ನುಣುಪು ಪದರವಾದ ಕಾರ್ಟಿಲೇಜಿಗೋ ಮೇಲಿನ ಲಿಗಮೆಂಟ್‌ಗೋ ಪೆಟ್ಟಾಗಿದ್ದರೆ ಎಂಆರ್‌ಐಯಲ್ಲಿ ಕಾಣುತ್ತದೆ, ಅದರ ಚಿಕಿತ್ಸೆಯೇ ಬೇರೆ.