ಪಿಪ್ಪಾಕ್ಕೆ ನೇತ್ರಾವತಿಯ ಕೆಸರು

ನಾನು ಕಟ್ಟಿದ ಯುದ್ಧ ಟ್ಯಾಂಕಿನ ಪ್ಲಾಸ್ಟಿಕ್ ಮಾಡೆಲ್ ನನ್ನ ತೋರುಬೆರಳಿಗಿಂತ ಸ್ವಲ್ಪ ಉದ್ದ, ಅಷ್ಟೇ. ಸ್ಕೇಲ್ ಇಟ್ಟು ನೋಡಿದರೆ 96 ಮಿಲಿಮೀಟರ್. ಅದನ್ನು ಮುಗಿಸಲು ಹಿಡಿದದ್ದು ಹನ್ನೊಂದು ತಿಂಗಳು. ಅದರಲ್ಲಿ ಹತ್ತಿರಹತ್ತಿರ ನಾಲ್ಕು ತಿಂಗಳು ಮಳೆ ನಿಲ್ಲಲಿ ಅಂತ ಸುಮ್ನೆ ಕಾದದ್ದು.

ಟ್ಯಾಂಕು ಸೋವಿಯತ್ ಒಕ್ಕೂಟದ ಪಿಟಿ-76. ತೂಕ ಸುಮಾರು 14 ಟನ್, ಒಳಗೆ ಮೂರು ಜನ, ಮುಂದೆ 76 ಮಿಲಿಮೀಟರಿನ ತೋಪು. ನೀರಿಗೆ ಇಳಿದರೆ ತೇಲುತ್ತದೆ. ಹಿಂದಿನಿಂದ ಎರಡು ಜೆಟ್ ನೀರು ಚಿಮ್ಮಿಸಿ ಮುಂದೆ ತಳ್ಳುತ್ತವೆ. ನಮ್ಮ ಸೈನಿಕರು ಇದಕ್ಕೆ ಪಿಪ್ಪಾ ಎಂದು ಹೆಸರಿಟ್ಟಿದ್ದರು. ಪಿಪ್ಪಾ ಎಂದರೆ ತುಪ್ಪದ ಡಬ್ಬ. ಖಾಲಿ ಡಬ್ಬ ತೇಲಿದ ಹಾಗೆ ತೇಲುತ್ತದಲ್ಲ, ಅದಕ್ಕೆ. 1971ರ ನವೆಂಬರ್ 21ರಂದು, ಯುದ್ಧ ಘೋಷಣೆ ಆಗುವ ಮೊದಲೇ, ಈಗಿನ ಬಾಂಗ್ಲಾದೇಶದ ಗರೀಬ್‌ಪುರದಲ್ಲಿ ನಮ್ಮ 45 ಕ್ಯಾವಲ್ರಿ ರೆಜಿಮೆಂಟಿನ ಪಿಪ್ಪಾಗಳು ಪಾಕಿಸ್ತಾನದ ಚಾಫೀ ಟ್ಯಾಂಕುಗಳನ್ನು ಎದುರಿಸಿ ಗೆದ್ದವು. ದೊಡ್ಡ ಟ್ಯಾಂಕುಗಳ ಮೇಲೆ ನನಗೆ ಅಂಥ ಮೋಹ ಇಲ್ಲ. ಮಂಗಳೂರಿನ ಬೋಳಾರದಲ್ಲಿ ಹುಟ್ಟಿ ದಿನಾ ದೋಣಿ ನೋಡಿಕೊಂಡು ಬೆಳೆದವನಿಗೆ ಈಜುವ ಟ್ಯಾಂಕೇ ಇಷ್ಟ ಆಗುವುದು.

ಕಿಟ್, ಅಂದರೆ ಜೋಡಿಸಬೇಕಾದ ತುಂಡುಗಳ ಡಬ್ಬಿ, ನಿಜವಾದ ಟ್ಯಾಂಕಿನ 72ನೇ ಒಂದು ಪಾಲಿನ ಅಳತೆಯದ್ದು. ಈ 72 ಎನ್ನುವ ಸಂಖ್ಯೆ ನನಗೆ ಮಗ್ಗಿಯ ಹಾಗೆ ಬಾಯಿಪಾಠ ಆಗಿಹೋಗಿದೆ. ಡಬ್ಬಿ ತೆರೆದ ದಿನ ಮೊದಲು ಅಳೆದದ್ದು ಮಡ್‌ಗಾರ್ಡನ್ನು. ಪ್ಲಾಸ್ಟಿಕ್ಕಿನ ದಪ್ಪ 0.8 ಮಿಲಿಮೀಟರ್. 72ರಿಂದ ಗುಣಿಸಿದರೆ ಸುಮಾರು 58 ಮಿಲಿಮೀಟರ್. ಎರಡೂಕಾಲು ಇಂಚು ದಪ್ಪದ ಮಡ್‌ಗಾರ್ಡ್ ಯಾವ ಗಾಡಿಗಾದರೂ ಉಂಟಾ? ಸೂಪರ್ ಡೀಟೇಲಿಂಗ್, ಅಂದರೆ ಕಿಟ್ಟನ್ನು ನಿಜದ ಹಾಗೆ ಕಾಣುವಂತೆ ತಿದ್ದುವ ಕೆಲಸ, ಹೊಸಹೊಸ ಸಾಮಾನು ಅಂಟಿಸುತ್ತಾ ಹೋಗುವುದು ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಈ ಅಳತೆಯಲ್ಲಿ ಮುಕ್ಕಾಲು ಪಾಲು ಕೆಲಸ ಇದ್ದದ್ದನ್ನು ತೆಳ್ಳಗೆ ಮಾಡುವುದೇ.

ಹಾಗಾಗಿ ಮಡ್‌ಗಾರ್ಡನ್ನೂ, ಮೂತಿಯ ಮೇಲೆ ಮಡಚಿ ಕೂರುವ ನೀರು ತಡೆಯುವ ಹಲಗೆಯನ್ನೂ ಕತ್ತರಿಸಿ ಬಿಸಾಡಿದೆ. ತಂಪು ಪಾನೀಯದ ಕ್ಯಾನಿನ ತಗಡು ಹೆಚ್ಚುಕಮ್ಮಿ 0.1 ಮಿಲಿಮೀಟರ್ ದಪ್ಪ. ಲೆಕ್ಕ ಹಾಕಿದರೆ ಏಳು ಮಿಲಿಮೀಟರ್ ಚಿಲ್ಲರೆ. ಕಣ್ಣು ಒಪ್ಪುತ್ತದೆ. ಕ್ಯಾನನ್ನು ಹಾಗೇ ಕತ್ತರಿಸಿದರೆ ತಗಡು ಸುರುಳಿ ಸುತ್ತುತ್ತದೆ, ಬಗ್ಗಿಸಿದರೆ ಸೆಟೆದು ನಿಲ್ಲುತ್ತದೆ. ಗ್ಯಾಸ್ ಒಲೆಯ ಸಣ್ಣ ಉರಿಯಲ್ಲಿ ಒಂದು ಕ್ಷಣ ಕಾಯಿಸಿದರೆ ಮೆತ್ತಗಾಗಿ ಹೇಳಿದ ಹಾಗೆ ಕೇಳುತ್ತದೆ. ಅಮ್ಮ ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಹೋಗಬೇಡಿ, ಅಷ್ಟೇ.

ಕೊಕ್ಕೆ, ಹಿಡಿಕೆಗಳಿಗೆ ತಂತಿ ಬೇಕಿತ್ತು. ಹಳೆ ಇಯರ್‌ಫೋನಿನ ತಂತಿ ಕೂದಲಿನಷ್ಟು ತೆಳು, ಮುಟ್ಟಿದರೆ ಬಾಗುತ್ತದೆ. ಕೊನೆಗೆ ಬಂದರಿನ ಹತ್ತಿರ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿಗೆ ಹೋದೆ. "36 ಗೇಜ್ ಒಂದು ಮೀಟರ್ ಸಾಕು" ಅಂದೆ. ಅಂಗಡಿಯವರು ನನ್ನ ಮುಖ ನೋಡಿದರು. ಅವರು ಮಾರುವುದು ಕಿಲೋ ಲೆಕ್ಕದಲ್ಲಿ! ದುಡ್ಡು ತೆಗೆದುಕೊಳ್ಳದೆ ಒಂದು ಹಿಡಿ ತುಂಡುಗಳನ್ನು ಪೇಪರಿನಲ್ಲಿ ಕಟ್ಟಿ ಕೊಟ್ಟರು. 36 ಗೇಜ್ ಎಂದರೆ 0.19 ಮಿಲಿಮೀಟರ್, ನಿಜವಾದ ಟ್ಯಾಂಕಿನಲ್ಲಿ 14 ಮಿಲಿಮೀಟರಿನ ಸರಳು. ಆ ಒಂದು ಪೊಟ್ಟಣದಲ್ಲಿ ಇನ್ನೂ ಹತ್ತು ಟ್ಯಾಂಕಿಗಾಗುವಷ್ಟು ಉಂಟು.

ತೋಪಿನ ಬಾಯಿ ತೂತು ಮಾಡುವುದರಲ್ಲಿ ಸೋತೆ. ಒಂದು ಮಿಲಿಮೀಟರಿನ ಡ್ರಿಲ್ ಬಿಟ್ಟನ್ನು ಬೆರಳಲ್ಲೇ ತಿರುಗಿಸುತ್ತಾ ಹೋದೆ, ಅರ್ಧಕ್ಕೆ ಬರುವಾಗ ಬಿಟ್ಟು ಪಕ್ಕದಿಂದ ಹೊರಗೆ ಬಂತು. ಅಕ್ಕ ನರ್ಸ್. "ಇದಕ್ಕೆಲ್ಲ ಅಳುವುದೆಂತಕ್ಕೆ?" ಎಂದು ತಾರೀಕು ಮುಗಿದ, ಬಳಸದ ಒಂದು 16 ಗೇಜ್ ಸೂಜಿ ತಂದುಕೊಟ್ಟಳು. ಅದರ ಒಳಗಿನ ತೂತು 1.2 ಮಿಲಿಮೀಟರಿಗೆ ಹತ್ತಿರ, ನನಗೆ ಬೇಕಾದದ್ದು 76ನ್ನು 72ರಿಂದ ಭಾಗಿಸಿದರೆ ಬರುವ 1.06. ಇರಲಿ. ಸೂಜಿಯನ್ನು ಅರದಲ್ಲಿ ಉಜ್ಜಿ ತುಂಡು ಮಾಡಿ ತುದಿಗೆ ಕೂರಿಸಿದೆ. ಇಡೀ ಮಾಡೆಲಿನಲ್ಲಿ ಜನ ಮೊದಲು ನೋಡುವುದು ಅದನ್ನೇ.

ಚಕ್ರಗಳನ್ನು ಸುತ್ತುವ ಚೈನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಿಟಿ-76ರಲ್ಲಿ ಮೇಲಿನ ಚೈನನ್ನು ಎತ್ತಿ ಹಿಡಿಯುವ ಸಣ್ಣ ರೋಲರ್‌ಗಳಿಲ್ಲ. ಅದು ಜೋತುಬಿದ್ದು ಚಕ್ರಗಳ ಮೇಲೆ ಒರಗಬೇಕು. ಕಿಟ್ಟಿನ ರಬ್ಬರ್ ಚೈನು ಬಿಗಿಯಾಗಿ ನೆಟ್ಟಗೆ ನಿಲ್ಲುತ್ತದೆ. ಫೆವಿಕ್ವಿಕ್ ಹಚ್ಚಿ, ಕಿವಿಕಡ್ಡಿಯಲ್ಲಿ ಒಂದೊಂದು ಚಕ್ರದ ಮೇಲೂ ಒತ್ತಿ ಹಿಡಿದು ಕೂತೆ. ಬೇರೆ ದಾರಿ ಗೊತ್ತಿದ್ದವರು ಆರಾಮವಾಗಿರಿ.

ಬಣ್ಣ ಹೊಡೆಯುವ ಹೊತ್ತಿಗೆ ಜೂನ್ ಬಂತು. ಮಂಗಳೂರಿನ ಜೂನ್ ಹೇಗೆ ಅಂತ ಹೇಳಬೇಕಾ? ಬಣ್ಣ ಸಿಂಪಡಿಸುವ ಕಂಪ್ರೆಸರ್ ಗಾಳಿಯ ಜೊತೆ ನೀರನ್ನೂ ಉಗುಳಿತು. ಹಸಿರು ಬಣ್ಣದ ಮೇಲೆ ಹನಿಹನಿ ಕಲೆ. ಅದನ್ನು ತಿಕ್ಕಿ ತೆಗೆದು, ಒಂದು ಬಿಡುವಿನ ದಿನ ಮತ್ತೆ ಹೊಡೆದೆ. ಮೇಲೆ ಮ್ಯಾಟ್ ವಾರ್ನಿಷ್ ಹಾಕಿದೆ ನೋಡಿ, ಟ್ಯಾಂಕಿಗೆ ಟ್ಯಾಂಕೇ ಬೂಸ್ಟು ಹಿಡಿದ ಹಾಗೆ ಬಿಳಿಚಿತು. ಗಾಳಿಯ ತೇವ ವಾರ್ನಿಷಿನೊಳಗೆ ಸಿಕ್ಕಿಕೊಂಡರೆ ಹಾಗಾಗುತ್ತದೆ. ಅಲ್ಲಿಗೆ ಕೆಲಸ ನಿಲ್ಲಿಸಿ ಅಕ್ಟೋಬರಿನ ತನಕ ಡಬ್ಬಿಯಲ್ಲಿಟ್ಟೆ. ಈಗ ರಟ್ಟಿನ ಪೆಟ್ಟಿಗೆಯಲ್ಲಿ 40 ವ್ಯಾಟಿನ ಹಳೆ ಬಲ್ಬು ಉರಿಸಿ, ಬಣ್ಣ ಹಾಕಿದ ತುಂಡುಗಳನ್ನು ಅದರಿಂದ ಒಂದು ಗೇಣು ದೂರ ಇಟ್ಟು ಒಣಗಿಸುತ್ತೇನೆ. ಮಳೆಗಾಲದಲ್ಲಿ ಅದೇ ಪೆಟ್ಟಿಗೆಯಲ್ಲಿ ಅಮ್ಮನ ಹಪ್ಪಳವೂ ಗರಿಗರಿಯಾಗಿರುತ್ತದೆ.

ಇನ್ನು ಕೆಸರು. ಇದರಲ್ಲಿ ಮೂರು ಸಲ ಎಡವಿದೆ.

ಮೊದಲನೇ ಸಲ ಅಂಗಳದ ಮಣ್ಣನ್ನೇ ಹುಡಿ ಮಾಡಿ ಹಚ್ಚಿದೆ. ನಮ್ಮದು ಮುರಕಲ್ಲಿನ ಊರು, ಮಣ್ಣು ಕೆಂಪು. ಗರೀಬ್‌ಪುರ ಇರುವುದು ಗಂಗೆಯ ಬಯಲಿನಲ್ಲಿ, ಅಲ್ಲಿಯದು ಬೂದು ಬಣ್ಣದ ಮೆಕ್ಕಲು ಮಣ್ಣು. ಕೆಂಪು ಹಚ್ಚಿದ ಪಿಪ್ಪಾ ಕಾವೂರಿನ ಯಾವುದೋ ಸೈಟಿನಲ್ಲಿ ಕೆಲಸ ಮುಗಿಸಿ ಬಂದ ಜೆಸಿಬಿಯ ಹಾಗೆ ಕಂಡಿತು.

ಬೂದು ಕೆಸರು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ಇಳಿತದ ಹೊತ್ತಿಗೆ ನೇತ್ರಾವತಿಯ ದಡದಲ್ಲಿ ಬೇಕಾದಷ್ಟು ಸಿಗುತ್ತದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದೇ ಈ ನದಿಗಳ ಜೇಡಿಮಣ್ಣನ್ನು ನಂಬಿ. ಒಂದು ಲೋಟ ಕೆಸರು ತಂದು ಒಣಗಿಸಿ, ಜರಡಿ ಹಿಡಿದು, ಅಂಟಿನ ನೀರಿನಲ್ಲಿ ಕಲಸಿ ಹಚ್ಚಿದೆ. ಬಣ್ಣ ಎಷ್ಟು ಚಂದ ಬಂತೆಂದರೆ ಹತ್ತು ಫೋಟೋ ತೆಗೆದೆ. ಎರಡು ವಾರ ಬಿಟ್ಟು ನೋಡುತ್ತೇನೆ, ಚಕ್ರಗಳ ಮೇಲೆಲ್ಲ ಬಿಳಿ ಹುಡಿ. ನಾಲಿಗೆಗೆ ಹಚ್ಚಿದೆ. ಉಪ್ಪು! ಜನವರಿಯಲ್ಲಿ ನಮ್ಮಲ್ಲಿ ಹೊಳೆಗೆ ಸಮುದ್ರದ ನೀರು ನುಗ್ಗಿರುತ್ತದೆ ಎನ್ನುವುದು ತಲೆಗೇ ಹೋಗಿರಲಿಲ್ಲ.

ಆಮೇಲೆ ಅಮ್ಮ ಹೇಳಿದ್ದು ಕೂವೆ ಹಿಟ್ಟು ತೆಗೆಯುವ ಉಪಾಯ. ಕೆಸರಿಗೆ ತುಂಬ ನೀರು ಹಾಕಿ ಕಲಕುವುದು, ತಳ ಕಟ್ಟಲು ಬಿಡುವುದು, ಮೇಲಿನ ನೀರು ಚೆಲ್ಲುವುದು. ಆರು ಸಲ ಹಾಗೆ ತೊಳೆದೆ. ಉಪ್ಪು ಹೋದದ್ದಷ್ಟೇ ಅಲ್ಲ, ಮರಳು ಕೆಳಗೆ ಉಳಿದು ಮೇಲೆ ಬೆಣ್ಣೆಯಂಥ ನುಣ್ಣನೆ ಪದರ ಸಿಕ್ಕಿತು. ಈ ಅಳತೆಗೆ ಅದೇ ಬೇಕು. 0.2 ಮಿಲಿಮೀಟರಿನ ಮರಳ ಕಾಳು ಇಲ್ಲಿ 14 ಮಿಲಿಮೀಟರಿನ ಜಲ್ಲಿಕಲ್ಲು ಆಗಿಬಿಡುತ್ತದೆ.

ಅದನ್ನು ಹೊಟ್ಟೆ, ಬದಿ, ಚಕ್ರ ಎಲ್ಲ ಕಡೆ ಧಾರಾಳವಾಗಿ ಬಳಿದು ಪಕ್ಕದ ಮನೆಯ ಅಣ್ಣನಿಗೆ ತೋರಿಸಿದೆ. ಅವರು ಮೂವತ್ತು ವರ್ಷ ಮೀನಿನ ದೋಣಿಯಲ್ಲಿ ದುಡಿದವರು. ಟ್ಯಾಂಕನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿದರು.

"ಇದು ಹೊಳೆ ದಾಟಿ ಬಂದದ್ದು ಅಂದೆಯಲ್ಲ?"

"ಹೌದಣ್ಣ."

"ಹಾಗಾದರೆ ಹೊಟ್ಟೆಯಲ್ಲಿ ಇಷ್ಟು ಕೆಸರು ಎಂತ ಮಾರಾಯ? ನೀರು ತೊಳೆದುಕೊಂಡು ಹೋಗುವುದಿಲ್ವಾ?"

ಮಾತೇ ಹೊರಡಲಿಲ್ಲ. ದೋಣಿಯನ್ನು ದಡಕ್ಕೆ ಎಳೆದಾಗ ಹೇಗಿರುತ್ತದೆ ಅಂತ ಅವರೇ ವಿವರಿಸಿದರು. ನೀರು ಮುಟ್ಟಿದ ಎತ್ತರಕ್ಕೆ ಒಂದು ಗೆರೆ. ಅದರ ಕೆಳಗೆ ತೊಳೆದ ಮೈ, ಸಂದಿಗಳಲ್ಲಿ ಮಾತ್ರ ಉಳಿದ ಕೊಳೆ. ಗೆರೆಯಿಂದ ಕೆಳಗೆ ಸೋರಿದ ಉದ್ದುದ್ದ ಗುರುತು. ಹೊಸ ಕೆಸರು ಇದ್ದರೆ ದಡ ಹತ್ತುವಾಗ ನೆಲಕ್ಕೆ ತಾಗಿದ ಕಡೆ ಮಾತ್ರ. ನಮ್ಮ ಮನೆಯಿಂದ ನೂರು ಹೆಜ್ಜೆಯಲ್ಲಿ ದಿನಾ ಕಾಣುವ ವಿಷಯ. ನಾನು ನೋಡಿದ್ದು ಮಾತ್ರ ಯುದ್ಧದ ಕಪ್ಪುಬಿಳುಪು ಫೋಟೋಗಳನ್ನು.

ಒದ್ದೆ ಬ್ರಷ್‌ನಲ್ಲಿ ಮೇಲಿನಿಂದ ಕೆಳಗೆ ಎಳೆದು ಬದಿಯ ಕೆಸರನ್ನೆಲ್ಲ ತೊಳೆದೆ. ಆ ಎಳೆತವೇ ಸೋರಿದ ಗುರುತಾಯಿತು. ಮಡ್‌ಗಾರ್ಡಿನಿಂದ ಸ್ವಲ್ಪ ಮೇಲೆ ತೆಳ್ಳನೆಯ ಒಂದು ಗೆರೆ ಬಿಟ್ಟೆ. ದಪ್ಪ ಕೆಸರು ಈಗ ಚೈನಿನಲ್ಲಿ, ಚಕ್ರದ ಕೆಳಗಿನ ಅರ್ಧದಲ್ಲಿ ಮಾತ್ರ. ಹಿಂಬದಿಯ ನಂಬರಿನ ಮೇಲೆ ಸ್ವಲ್ಪ ಜಾಸ್ತಿಯೇ ಬಿದ್ದಿದೆ, ಒಪ್ಪುತ್ತೇನೆ. ಕಿಟ್ಟಿನಲ್ಲಿ ಇದ್ದದ್ದು ಸೋವಿಯತ್ ಗುರುತುಗಳು. ನಮ್ಮ ಸೇನೆಯ ನಂಬರನ್ನು ನಾನೇ ಬ್ರಷ್‌ನಲ್ಲಿ ಬರೆಯಲು ಹೋಗಿ ಕೈ ನಡುಗಿತ್ತು.

ಈಗ ಅದು ಟಿವಿ ಪಕ್ಕದ ಗಾಜಿನ ಕಪಾಟಿನಲ್ಲಿ ಕೂತಿದೆ. ಮೊನ್ನೆ ಅಕ್ಕನ ಮಗ ಬಂದಿದ್ದ. ಪಿಪ್ಪಾದ ಕತೆ ಎಲ್ಲ ಕೇಳಿ, ಬಚ್ಚಲಿನ ಬಕೆಟಿನ ಕಡೆ ಕೈ ತೋರಿಸಿ, "ಮಾಮ, ಇದು ತೇಲ್ತದಾ?" ಅಂದ. ಇಲ್ಲ ಅಂದೆ. ಕೈಗೆ ಸ್ವಲ್ಪ ಭಾರ ಬರಲಿ ಅಂತ ಒಳಗೆ ಎರಡು ಕಬ್ಬಿಣದ ನಟ್ಟು ಹಾಕಿ ಅಂಟಿಸಿದ್ದೇನೆ.