ರೆಡ್‌ವುಡ್ ಕಾಡಿನಲ್ಲಿ ಕ್ಯಾಂಪ್ ಹೋಸ್ಟ್ ಆಗಿ

ಕ್ಯಾಂಪ್ ಹೋಸ್ಟ್ ಅಂದರೆ ಪಾರ್ಕಿನಲ್ಲಿ ಜನ ಟೆಂಟ್ ಹಾಕಿ ತಂಗುವ ಜಾಗದಲ್ಲೇ ಇದ್ದು ಅದನ್ನು ನೋಡಿಕೊಳ್ಳುವ ಸ್ವಯಂಸೇವಕರು. ಆ ಕೆಲಸದ ಬಗ್ಗೆ ಹೇಳಿದರೆ ಎಲ್ಲರೂ ಮೊದಲು ಕೇಳುವುದು ಒಂದೇ: "ಬಾಡಿಗೆ ಇಲ್ಲದೆ ಕಾಡಿನಲ್ಲಿ ಇರಬಹುದಂತೆ, ಹೌದಾ?" ಹೌದು. ನಮ್ಮ ಟ್ರೇಲರ್ (ಗಾಡಿಗೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆ) ನಿಲ್ಲಿಸಲು ಪಾರ್ಕಿನವರು ಜಾಗ ಕೊಡುತ್ತಾರೆ. ಹೆಚ್ಚಿನ ಕಡೆ ಆ ಜಾಗಕ್ಕೆ ಕರೆಂಟು, ನೀರು, ಒಳಚರಂಡಿ ಸಂಪರ್ಕವೂ ಇರುತ್ತದೆ. ಅದಕ್ಕೆ ಬದಲಾಗಿ ನಾವು ವಾರಕ್ಕೆ ಇಷ್ಟು ಗಂಟೆ ಅಂತ ದುಡಿಯಬೇಕು. ಸಂಬಳವಿಲ್ಲ. ನಮ್ಮ ಒಪ್ಪಂದದಲ್ಲಿ ವಾರಕ್ಕೆ 20 ಗಂಟೆ ಅಂತ ಇತ್ತು. ಕೆಲಸ ಗಡಿಯಾರ ನೋಡಿ ನಿಲ್ಲುವಂಥದ್ದಲ್ಲ, ಏಕೆಂದರೆ ರಾತ್ರಿ ಊಟಕ್ಕೆ ಕೂತಾಗಲೂ ಯಾರಾದರೂ ಬಂದು ಬಾಗಿಲು ತಟ್ಟುತ್ತಾರೆ.

ನಾನೂ ನನ್ನ ಯಜಮಾನರೂ ನಿವೃತ್ತಿಯ ನಂತರ ಒಂದು ಬೇಸಿಗೆಯನ್ನು ಕ್ಯಾಲಿಫೋರ್ನಿಯಾದ ಪ್ರೇರಿ ಕ್ರೀಕ್ ರೆಡ್‌ವುಡ್ಸ್ ಸ್ಟೇಟ್ ಪಾರ್ಕಿನಲ್ಲಿ ಹೀಗೆ ಕಳೆದೆವು. ಅದು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರಕ್ಕೆ 300 ಮೈಲಿಗೂ ಹೆಚ್ಚು ದೂರ. ಅಲ್ಲಿನ ಎಲ್ಕ್ ಪ್ರೇರಿ ಕ್ಯಾಂಪ್‌ಗ್ರೌಂಡಿನ ಒಂದು ಪಕ್ಕ ಹುಲ್ಲುಗಾವಲು, ಉಳಿದೆಲ್ಲ ಕಡೆ ಮುಗಿಲು ಮುಟ್ಟುವ ರೆಡ್‌ವುಡ್ ಮರಗಳು. ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ವಾರದ ತರಕಾರಿ, ಹಾಲು ತರಲು ಸುಮಾರು 50 ಮೈಲಿ ದೂರದ ಯುರೀಕಾಕ್ಕೆ ಹೋಗಬೇಕು.

ಅರ್ಜಿ ಹಾಕುವುದು ಕಷ್ಟವಲ್ಲ, ಆದರೆ ಬೇಗ ಹಾಕಬೇಕು. ಸ್ಟೇಟ್ ಪಾರ್ಕುಗಳಲ್ಲಿ ಆಯಾ ಪಾರ್ಕಿನ ಸ್ವಯಂಸೇವಕರ ಮೇಲ್ವಿಚಾರಕರನ್ನು ನೇರವಾಗಿ ವಿಚಾರಿಸುವುದು ಒಳ್ಳೆಯದು. ಕೇಂದ್ರ ಸರ್ಕಾರದ ಪಾರ್ಕು, ಫಾರೆಸ್ಟುಗಳ ಅವಕಾಶಗಳು ವಾಲಂಟಿಯರ್ ಡಾಟ್ ಗವ್ ತಾಣದಲ್ಲಿ ಸಿಗುತ್ತವೆ. ಅಲ್ಲಿ ಒಟ್ಟು 250 ಗಂಟೆ ಸೇವೆ ಮಾಡಿದವರಿಗೆ ಒಂದು ವರ್ಷದ ಪ್ರವೇಶ ಪಾಸ್ ಕೂಡ ಕೊಡುತ್ತಾರೆ. ಬೇಸಿಗೆಯ ಜಾಗಗಳು ಚಳಿಗಾಲದಲ್ಲೇ ತುಂಬಿಹೋಗುತ್ತವೆ. ಮಾತುಕತೆ, ಬೆರಳಚ್ಚು ಕೊಟ್ಟು ಹಿನ್ನೆಲೆ ಪರಿಶೀಲನೆ, ಆಮೇಲೆ ಒಪ್ಪಂದಕ್ಕೆ ಸಹಿ. ವೀಸಾದ ಮೇಲೆ ಇರುವವರು ಅರ್ಜಿಗೆ ಮುಂಚೆಯೇ ಅದನ್ನು ತಿಳಿಸಿ ಕೇಳಿಕೊಳ್ಳಿ.

ದಿನದ ಕೆಲಸದ ತಿರುಳು ಮಧ್ಯಾಹ್ನ 12ರಿಂದ 2ರವರೆಗಿನ ಹೊತ್ತು. 12ಕ್ಕೆ ಹಳಬರು ಜಾಗ ಬಿಡಬೇಕು, 2ಕ್ಕೆ ಹೊಸಬರು ಬರುತ್ತಾರೆ. ಆ ಎರಡು ಗಂಟೆಯಲ್ಲಿ ಖಾಲಿಯಾದ ಪ್ರತಿ ಸೈಟಿಗೂ ಸಲಿಕೆ, ಬಕೆಟ್, ಕಸ ಹೆಕ್ಕುವ ಇಕ್ಕಳ ಹಿಡಿದು ಹೋಗುತ್ತೇವೆ. ಒಲೆಯ ಬೂದಿ ತೆಗೆಯುವ ಮುಂಚೆ ನೀರು ಸುರಿದು, ಕಲಕಿ, ಅಂಗೈ ಹಿಂಭಾಗವನ್ನು ಹತ್ತಿರ ಹಿಡಿದು ನೋಡಲೇಬೇಕು. ಮೇಲೆ ತಣ್ಣಗೆ ಕಂಡ ಬೂದಿಯ ಅಡಿಯಲ್ಲಿ ಹಿಂದಿನ ರಾತ್ರಿಯ ಕೆಂಡ ಇನ್ನೂ ಉಸಿರಾಡುತ್ತಿರುತ್ತದೆ. ಇದು ಗೊತ್ತಿದ್ದವರು ಬಕೆಟ್ ನೀರಿಲ್ಲದೆ ಸಲಿಕೆ ಮುಟ್ಟುವುದಿಲ್ಲ.

ಹೋಸ್ಟ್‌ಗೆ ಅಧಿಕಾರ ಇಲ್ಲ ಎನ್ನುವುದನ್ನು ತರಬೇತಿಯ ಮೊದಲ ದಿನವೇ ಹೇಳಿಕೊಡುತ್ತಾರೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಗಲಾಟೆ ಮಾಡಬಾರದು. ಮಾಡಿದರೆ ಹೋಗಿ ವಿನಯದಿಂದ ಹೇಳಬಹುದು, ಅಷ್ಟೇ. ಕೇಳದಿದ್ದರೆ ರೇಡಿಯೋದಲ್ಲಿ ರೇಂಜರಿಗೆ ತಿಳಿಸಿ ಹಿಂದೆ ಸರಿಯಬೇಕು. ದಂಡ ಹಾಕುವುದು, ಹೊರಗೆ ಕಳಿಸುವುದು ಅವರ ಕೆಲಸ. ನನಗೆ ಈ ಏರ್ಪಾಡು ತುಂಬಾ ಸರಿ ಅನ್ನಿಸಿತು. ಕೈಯಲ್ಲಿ ದಂಡ ಇಲ್ಲದವರು ನಿಯಮದ ಹಿಂದಿನ ಕಾರಣವನ್ನು ಚೆನ್ನಾಗಿ ಕಲಿತುಕೊಳ್ಳಬೇಕಾಗುತ್ತದೆ. ನಾನು ಕಲಿತ ಕಾರಣಗಳಲ್ಲಿ ಅತಿ ದೊಡ್ಡದು ಒಂದು ಹಕ್ಕಿಯದು.

ಅದರ ಹೆಸರು ಮಾರ್ಬಲ್ಡ್ ಮರ್‌ಲೆಟ್. ಕಡಲಿನ ಹಕ್ಕಿ, ಮೀನು ಅದರ ಆಹಾರ, ಆದರೆ ಮೊಟ್ಟೆ ಇಡುವುದು ಮಾತ್ರ ಹಳೆಯ ಕಾಡಿನ ಎತ್ತರದ ಮರಗಳಲ್ಲಿ, ಪಾಚಿ ಹಿಡಿದ ಅಗಲ ಕೊಂಬೆಯ ಮೇಲೆ. ಒಂದು ಸಲಕ್ಕೆ ಒಂದೇ ಮೊಟ್ಟೆ. ಕ್ಯಾಲಿಫೋರ್ನಿಯಾದಲ್ಲಿ ಅದರ ಗೂಡು ವಿಜ್ಞಾನಿಗಳಿಗೆ ಗೊತ್ತಾದದ್ದು 1974ರಲ್ಲಿ, ಬಿಗ್ ಬೇಸಿನ್ ಪಾರ್ಕಿನಲ್ಲಿ, ಮರ ಹತ್ತಿದವರೊಬ್ಬರ ಕಣ್ಣಿಗೆ ಬಿದ್ದಾಗ. 1992ರಲ್ಲಿ ಅದನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಹಳೆಯ ಕಾಡು ಕಡಿದದ್ದು ಮೊದಲ ಕಾರಣ. ಉಳಿದ ಕಾಡಿನಲ್ಲಿ ಶತ್ರು ಕಾಗೆಯ ಸಂಬಂಧಿಕರು: ನೀಲಿ ಮೈಯ, ಜುಟ್ಟಿನ ಸ್ಟೆಲರ್ಸ್ ಜೇ, ಮತ್ತೆ ರೇವನ್. ಇವು ಕ್ಯಾಂಪಿನ ಎಂಜಲಿಗೆ ಬಂದು ಗುಂಪಾಗುತ್ತವೆ, ಹೆಚ್ಚುತ್ತವೆ, ಹಾಗೇ ಸುತ್ತಲ ಮರಗಳಲ್ಲಿ ಆ ಒಂದೇ ಮೊಟ್ಟೆಯನ್ನೋ ಮರಿಯನ್ನೋ ಹುಡುಕಿ ತಿನ್ನುತ್ತವೆ. ಅದಕ್ಕೇ ಇಲ್ಲಿನ ಪಾರ್ಕುಗಳಲ್ಲಿ ಒಂದು ಚೂರು ತಿಂಡಿಯೂ ನೆಲದಲ್ಲಿ ಉಳಿಯಬಾರದು ಎನ್ನುವ ನಿಯಮ. ಊಟ ಮಾಡುವಾಗ ಬಿಟ್ಟು ಬೇರೆಲ್ಲ ಹೊತ್ತಿನಲ್ಲಿ ತಿಂಡಿ, ಸೋಪು, ಟೂತ್‌ಪೇಸ್ಟ್ ಎಲ್ಲ ಕಬ್ಬಿಣದ ಲಾಕರಿನಲ್ಲಿ ಇರಬೇಕು. ಇದು ಕರಡಿ ಬಾರದಿರಲೂ ಆಯಿತು, ಜೇ ಹಕ್ಕಿ ಬಾರದಿರಲೂ ಆಯಿತು.

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಿಂದ ನಮ್ಮವರೂ ಬರುತ್ತಾರೆ. ಒಮ್ಮೆ ಒಂದು ಕುಟುಂಬದ ಜೊತೆ ದಾವಣಗೆರೆಯಿಂದ ಬಂದ ಹಿರಿಯರೊಬ್ಬರು ಇದ್ದರು. ಬೆಂಚಿನ ಮೇಲೆ ಕೂತು ಮಂಡಕ್ಕಿ ಎರಚುತ್ತಿದ್ದರು, ಸುತ್ತ ಜೇ ಹಕ್ಕಿಗಳ ಸಂತೆ. ಮಗಳಿಗೆ ಮುಜುಗರ; "ಬೇಡ ಅಮ್ಮ, ಫೈನ್ ಹಾಕ್ತಾರೆ" ಅನ್ನುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ.

"ಹಕ್ಕಿಗೆ ನಾಕು ಕಾಳು ಹಾಕಿದ್ರೆ ಪಾಪನಾ ತಂಗಿ?" ಎಂದರು.

"ಪಾಪ ಅಲ್ಲಮ್ಮ. ಆದ್ರೆ ಈ ಹಕ್ಕಿ ಮಂಡಕ್ಕಿ ತಿಂದು ಮೇಲೆ ಹೋಗಿ ಇನ್ನೊಂದು ಹಕ್ಕಿಯ ಮೊಟ್ಟೆ ತಿನ್ನತ್ತೆ. ಅದು ಇಡೋದೇ ಒಂದು ಮೊಟ್ಟೆ."

ಸ್ವಲ್ಪ ಹೊತ್ತು ಮೇಲೆ ನೋಡಿದರು. "ಹಂಗಾರೆ ಆ ಹಕ್ಕಿಗೆ ಏನ್ ಹಾಕ್ಬೇಕು?"

"ಏನೂ ಹಾಕ್ಬಾರ್ದು. ಅದರ ಅಪ್ಪ ಅಮ್ಮ ಸಮುದ್ರದಿಂದ ಮೀನು ತರ್ತಾರೆ."

ಅವರೇ ಬಗ್ಗಿ ಮಂಡಕ್ಕಿ ಹೆಕ್ಕಲು ಶುರುಮಾಡಿದರು, ಮೊಮ್ಮಕ್ಕಳೂ ಕೂತರು. ದಂಡದ ಹೆದರಿಕೆಯಿಂದ ಆ ಕೆಲಸ ಆಗುತ್ತಿರಲಿಲ್ಲ. ಹಕ್ಕಿಗೆ ಕಾಳು ಹಾಕುವ ಅವರ ಮನಸ್ಸಿನಲ್ಲಿದ್ದ ಕರುಣೆಯೇ ಆ ಕೆಲಸವನ್ನೂ ಮಾಡಿಸಿತು.

ಎಲ್ಕ್‌ಗಳ ವಿಷಯ ಬೇರೆ. ರೂಸ್‌ವೆಲ್ಟ್ ಎಲ್ಕ್ ನಮ್ಮ ಕಡವೆಗಿಂತ ಭಾರಿ ಪ್ರಾಣಿ. ಮೇ, ಜೂನ್‌ನಲ್ಲಿ ಕರು ಹಾಕಿದ ತಾಯಿ, ಬೇಸಿಗೆ ಕೊನೆಯಿಂದ ಬೆದೆಗೆ ಬಂದ ಗಂಡು, ಇಬ್ಬರ ಹತ್ತಿರವೂ ಸುಳಿಯಬಾರದು. ಕನಿಷ್ಠ 75 ಅಡಿ ದೂರ ಇರಬೇಕು. ಫೋಟೋಕ್ಕಾಗಿ ಮಕ್ಕಳನ್ನು ಮುಂದೆ ನಿಲ್ಲಿಸುವವರಿಗೆ ಇಲ್ಲಿ ವಿವರಿಸುತ್ತಾ ಕೂರಲು ಸಮಯವಿಲ್ಲ, ಜೋರಾಗಿ ಕೂಗಿ ಕರೆಯಬೇಕು.

ಹೋಗಬೇಕೆಂದು ಇರುವವರು ಮಾತುಕತೆಯ ಹೊತ್ತಿನಲ್ಲೇ ಕೆಲವನ್ನು ಕೇಳಿ ಬರಹದಲ್ಲಿ ಪಡೆಯಿರಿ. ಶೌಚಾಲಯ ತೊಳೆಯುವುದು ಹೋಸ್ಟ್ ಪಾಲಿಗೋ, ಸಿಬ್ಬಂದಿ ಪಾಲಿಗೋ? ದಂಪತಿ ಇದ್ದರೆ ಗಂಟೆಗಳ ಲೆಕ್ಕ ಇಬ್ಬರದೂ ಸೇರಿಯೋ, ಒಬ್ಬೊಬ್ಬರದೋ? ಕ್ಯಾಂಪಿಗೆ ಬಂದವರಿಗೆ ಸೌದೆ ಮಾರಿದ ಹಣ ಯಾರು ಇಟ್ಟುಕೊಂಡು ಲೆಕ್ಕ ಕೊಡಬೇಕು? ವಾರದ ರಜೆ ಯಾವ ದಿನ? ಬೇಸಿಗೆಯಲ್ಲಿ ಅದು ಶನಿವಾರ, ಭಾನುವಾರ ಅಂತೂ ಆಗಿರುವುದಿಲ್ಲ. ಟ್ರೇಲರಿನ ಉದ್ದಕ್ಕೆ ಮಿತಿ ಎಷ್ಟು ಎಂದು ಕೇಳುವುದನ್ನೂ ಮರೆಯಬೇಡಿ. ಹಳೆಯ ಪಾರ್ಕುಗಳ ರಸ್ತೆ ತಿರುವುಗಳು ಕಿರಿದು.